ಹಿಮವೇ ಕಾವಲಿದ್ದ ಊರು: ನುನಲ್ಲೆಕ್‌ ಪ್ರಕರಣ

ಕಡಲ್ಕೊರೆತ ಎಂದರೆ ಏನೆಂದು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳ್ಳಾಲ, ಸೋಮೇಶ್ವರ, ಮರವಂತೆಗಳಲ್ಲಿ ಮಳೆಗಾಲ ಬಂತೆಂದರೆ ತೆಂಗಿನಮರ, ರಸ್ತೆ, ಮನೆಯ ಹಿತ್ತಿಲು ಒಂದೊಂದಾಗಿ ನೀರಿಗೆ ಬೀಳುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನಾನು ಇಲ್ಲಿ ಬರೆಯುತ್ತಿರುವ ಪ್ರಕರಣವೂ ಕಡಲ್ಕೊರೆತದ್ದೇ. ಆದರೆ ಅದು ನಡೆದದ್ದು ಅಲಾಸ್ಕಾದಲ್ಲಿ. ಅಲ್ಲಿ ಸಮುದ್ರ ನುಂಗುತ್ತಿದ್ದುದು ಮುನ್ನೂರೈವತ್ತು ವರ್ಷಗಳಿಂದ ಹೆಪ್ಪುಗಟ್ಟಿದ ನೆಲದೊಳಗೆ ಹಾಗೆಯೇ ಉಳಿದಿದ್ದ ಒಂದು ಊರನ್ನು.

ಸ್ಥಳ, ವರ್ಷ, ಸಂಸ್ಥೆ ಎಲ್ಲವೂ ಇದ್ದದ್ದು ಇದ್ದ ಹಾಗೆಯೇ ಇವೆ. ವ್ಯಕ್ತಿಗಳ ಹೆಸರು ಮಾತ್ರ ಬಿಟ್ಟಿದ್ದೇನೆ; ಊರಿನ ಮುಖ್ಯಸ್ಥರು, ಹಿರಿಯರು, ಪುರಾತತ್ತ್ವಜ್ಞರು ಎಂದಷ್ಟೇ ಕರೆದಿದ್ದೇನೆ. ಯಾರು ಮಾಡಿದರು ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಏನು ತೀರ್ಮಾನಿಸಿದರು ಎಂಬುದೇ ನಮಗೆ ಉಪಯೋಗಕ್ಕೆ ಬರುವಂಥದ್ದು.

ಹಿನ್ನೆಲೆ

ಅಲಾಸ್ಕಾದ ನೈಋತ್ಯ ಅಂಚಿನಲ್ಲಿ, ಬೇರಿಂಗ್ ಸಮುದ್ರದ ಕಸ್ಕೊಕ್ವಿಮ್ ಕೊಲ್ಲಿಯ ಬಳಿ ಕ್ವಿನ್ಹಗಾಕ್ ಎಂಬ ಹಳ್ಳಿಯಿದೆ. ಏಳುನೂರು ಚಿಲ್ಲರೆ ಜನ, ಹೆಚ್ಚಿನವರು ಯೂಪಿಕ್ ಬುಡಕಟ್ಟಿನವರು. ಹೊರಜಗತ್ತಿನಿಂದ ಅಲ್ಲಿಗೆ ರಸ್ತೆಯಿಲ್ಲ. ಸಣ್ಣ ವಿಮಾನದಲ್ಲಿ ಹೋಗಬೇಕು, ಭಾರದ ಸಾಮಾನಾದರೆ ನೀರು ಹೆಪ್ಪುಗಟ್ಟಿರದ ತಿಂಗಳುಗಳಲ್ಲಿ ಬಾರ್ಜಿನಲ್ಲಿ ಬರಬೇಕು. ಸಾಲ್ಮನ್ ಮೀನು, ಸೀಲ್ ಬೇಟೆ, ಬೇಸಿಗೆಯ ಕಾಡುಹಣ್ಣು ಇವುಗಳ ಮೇಲೆ ಇಂದಿಗೂ ಅರ್ಧ ಬದುಕು ನಿಂತಿದೆ. ಊರಿನಿಂದ ದಂಡೆ ಹಿಡಿದು ಕೆಲವು ಕಿಲೋಮೀಟರ್ ದಕ್ಷಿಣಕ್ಕೆ ಹೋದರೆ ನುನಲ್ಲೆಕ್ ಸಿಗುತ್ತದೆ. ಆ ಹೆಸರಿಗೆ ಯೂಪಿಕ್ ನುಡಿಯಲ್ಲಿ ಹಳೆಯ ಊರು ಎಂದೇ ಅರ್ಥ.

ಅಲ್ಲಿದ್ದುದು ಅರ್ಧ ನೆಲದೊಳಗೆ, ಅರ್ಧ ಮೇಲೆ ಇರುವ ದೊಡ್ಡ ಮನೆ. ಕೋಣೆಯಿಂದ ಕೋಣೆಗೆ ಓಣಿಯಂಥ ದಾರಿ, ತೇಲಿ ಬಂದ ಮರದ ಕಂಬಗಳು, ಮೇಲೆ ಬೇರುಸಮೇತ ಕತ್ತರಿಸಿ ಪೇರಿಸಿದ ಹುಲ್ಲುಹೆಂಟೆಯ ಚಾವಣಿ. ಯೂಪಿಕರ ಬಾಯಿಮಾತಿನ ಚರಿತ್ರೆಯಲ್ಲಿ ಬಿಲ್ಲುಬಾಣಗಳ ಯುದ್ಧ ಎಂಬ ಒಂದು ಕಾಲವಿದೆ. ಹುಡುಗರಿಬ್ಬರು ಈಟಿ ಎಸೆದು ಆಡುತ್ತಿದ್ದಾಗ ಒಬ್ಬನ ಕಣ್ಣಿಗೆ ಏಟು ಬಿತ್ತು, ಅವನ ತಂದೆ ಮುಯ್ಯಿಗೆ ಇನ್ನೊಬ್ಬನ ಎರಡೂ ಕಣ್ಣು ಕಿತ್ತ, ಜಗಳ ಮನೆಯಿಂದ ಊರಿಗೆ, ಊರಿನಿಂದ ಸೀಮೆಗೆ ಹಬ್ಬಿತು ಎಂದು ಹಿರಿಯರು ಹೇಳುತ್ತ ಬಂದಿದ್ದರು. ಹದಿನೇಳನೇ ಶತಮಾನದ ನಡುಭಾಗದಲ್ಲಿ ಒಂದು ದಿನ ವೈರಿಗಳು ಬಂದು ನುನಲ್ಲೆಕ್‌ಗೆ ಬೆಂಕಿಯಿಟ್ಟರು. ಉರಿದು ಕುಸಿದ ಹುಲ್ಲುಹೆಂಟೆಯ ಚಾವಣಿ ಕೆಳಗಿದ್ದ ಸಕಲವನ್ನೂ ಮುಚ್ಚಿತು. ಆಮೇಲೆ ನೆಲ ಹೆಪ್ಪುಗಟ್ಟಿತು.

ಹೆಪ್ಪುಗಟ್ಟಿದ್ದರ ಬೆಲೆ ನಮ್ಮಂಥ ಬಿಸಿಲುನಾಡಿನವರಿಗೆ ಬೇಗ ತಿಳಿಯುತ್ತದೆ. ಹಂಪಿಯಲ್ಲಿ ಅರಮನೆಗಳ ಕಲ್ಲಿನ ಜಗತಿ ಉಳಿದಿದೆ, ಅದರ ಮೇಲಿದ್ದ ಮರದ ಕಟ್ಟಡ ಒಂದೂ ಉಳಿದಿಲ್ಲ. ಮರ, ಹುಲ್ಲು, ತೊಗಲು, ಕೂದಲು ನಮ್ಮ ಮಣ್ಣಿನಲ್ಲಿ ನಿಲ್ಲುವುದಿಲ್ಲ. ನುನಲ್ಲೆಕ್‌ನಲ್ಲಿ ನಿಂತವು ಅವೇ. ಹುಲ್ಲಿನಲ್ಲಿ ಹೆಣೆದ ಬುಟ್ಟಿ, ಮರದ ಬಟ್ಟಲು, ಗೊಂಬೆ, ಕುಣಿತದ ಮುಖವಾಡ, ದೋಣಿಯ ತುಂಡು, ತಲೆಗೂದಲು ಕತ್ತರಿಸಿ ನೆಲಕ್ಕೆ ಬಿಟ್ಟ ಎಳೆಗಳು. ಆ ಊರಿನವರು ಕಲ್ಲಿನಲ್ಲಿ ಕಟ್ಟಿದವರಲ್ಲ. ಅವರ ಬಾಳೆಲ್ಲ ಮರ ಮತ್ತು ಹುಲ್ಲಿನಲ್ಲಿತ್ತು. ಹಿಮ ಕರಗಿದರೆ ಅವರದ್ದೆನ್ನುವುದು ಏನೂ ಉಳಿಯುವುದಿಲ್ಲ.

ಎರಡು ಕಡೆಯಿಂದ ಸವೆತ

2007ರ ಸುಮಾರಿಗೆ ದಂಡೆಯಲ್ಲಿ ಓಡಾಡುವವರ ಕಣ್ಣಿಗೆ ಹಳೆಯ ಮರದ ಸಾಮಾನುಗಳು ಬೀಳತೊಡಗಿದವು. ಅವುಗಳಲ್ಲಿ ಮರದ ಒಂದು ಗೊಂಬೆಯೂ ಇತ್ತು. ಅಲೆ ತಂದು ಹಾಕಿದ್ದಲ್ಲ ಅದು, ಅಲೆ ಕಿತ್ತು ಬಿಸಾಡಿದ್ದು. ದಂಡೆಯ ಗೋಡೆಯಲ್ಲಿ ಕಪ್ಪು ಪಟ್ಟಿಯಾಗಿ ಕಾಣುತ್ತಿದ್ದ ಸುಟ್ಟ ಹೆಂಟೆಯ ಪದರದಿಂದ ಅವು ಉದುರುತ್ತಿದ್ದವು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಮ್ಮ ಕರಾವಳಿಯ ಕೊರೆತ ಅಲೆಯ ಹೊಡೆತದ್ದು. ಶೀತಲ ನಾಡಿನ ಕೊರೆತಕ್ಕೆ ಎರಡು ಕೈ. ಆ ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವುದು ಒಳಗಿನ ಮಂಜುಗಡ್ಡೆ, ಅದೇ ಅಲ್ಲಿನ ಸಿಮೆಂಟು. ಅದು ಕರಗಿದರೆ ಗಟ್ಟಿ ದಂಡೆ ಕೆಸರಿನ ಮುದ್ದೆಯಾಗುತ್ತದೆ, ಅಲೆ ಬುಡ ಕೊರೆದದ್ದೇ ತಡ ಮೇಲಿನ ಹೆಂಟೆ ಹಾಳೆಹಾಳೆಯಾಗಿ ಕಳಚಿ ಬೀಳುತ್ತದೆ. ಇನ್ನೊಂದು ಕೈ ಸಮುದ್ರದ್ದು. ಹಿಂದೆ ಚಳಿಗಾಲದ ಮೊದಲ ಬಿರುಗಾಳಿಗಳು ಏಳುವ ಹೊತ್ತಿಗೆ ದಂಡೆಯುದ್ದಕ್ಕೂ ಮಂಜುಗಡ್ಡೆ ಕಟ್ಟಿರುತ್ತಿತ್ತು. ಅಲೆಯ ಪೆಟ್ಟನ್ನು ಅದು ತಿನ್ನುತ್ತಿತ್ತು. ಈಗ ಅದು ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ. 2018 ಮತ್ತು 2019ರ ಚಳಿಗಾಲಗಳಲ್ಲಂತೂ ಬೇರಿಂಗ್ ಸಮುದ್ರದ ಮಂಜುಗಡ್ಡೆ ದಾಖಲೆಯ ಮಟ್ಟಕ್ಕೆ ಕುಸಿದಿತ್ತು. ಬರಿಯ ನೀರಿನ ಮೇಲೆ ಬಿರುಗಾಳಿ ಬೀಸಿದರೆ ಅಲೆ ನೇರವಾಗಿ ಬಂದು ದಂಡೆಗೇ ಬಡಿಯುತ್ತದೆ.

2009ರಲ್ಲಿ ಮೊದಲ ಬಾರಿ ಅಗೆದಾಗ ಸುಮಾರು 45 ಸೆಂಟಿಮೀಟರ್ ಆಳದಲ್ಲಿ ಸಲಿಕೆ ಹೆಪ್ಪುನೆಲಕ್ಕೆ ತಾಗಿತ್ತು. ಒಂದು ದಶಕ ಕಳೆಯುವುದರೊಳಗೆ 90 ಸೆಂಟಿಮೀಟರ್ ಆಳದವರೆಗೂ ಮಣ್ಣು ಮೆತ್ತಗಾಗಿತ್ತು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಇದು. ದಂಡೆ ಎಷ್ಟು ಹಿಂದೆ ಸರಿಯಿತು ಎಂದು ಎಲ್ಲರೂ ಅಳೆಯುತ್ತಾರೆ, ಅದು ಕಣ್ಣಿಗೆ ಕಾಣುತ್ತದೆ. ದಂಡೆಯಿಂದ ದೂರದಲ್ಲಿ ಭದ್ರವಾಗಿದೆ ಎಂದುಕೊಂಡ ಜಾಗದಲ್ಲಿ ನೆಲದೊಳಗಿನ ಬುಟ್ಟಿ ಕೊಳೆಯತೊಡಗಿದ್ದು ಯಾರಿಗೂ ಕಾಣುವುದಿಲ್ಲ.

ಮುಂದಿದ್ದ ದಾರಿಗಳು

ಪುರಾತತ್ತ್ವದಲ್ಲಿ ಎಲ್ಲರೂ ಒಪ್ಪಿದ ಒಂದು ನಿಯಮವಿದೆ: ಇದ್ದಲ್ಲೇ ಇರಲಿ, ಅಗೆಯಬೇಡಿ. ಒಂದು ನೆಲೆಯನ್ನು ಒಮ್ಮೆ ಮಾತ್ರ ಅಗೆಯಬಹುದು, ಅಗೆದ ಮೇಲೆ ಅದು ಟಿಪ್ಪಣಿಯಲ್ಲಿ, ನಕ್ಷೆಯಲ್ಲಿ, ಪೆಟ್ಟಿಗೆಯಲ್ಲಿ ಮಾತ್ರ ಇರುತ್ತದೆ. ಮುಂದಿನ ತಲೆಮಾರಿನವರ ಬಳಿ ಇನ್ನೂ ಒಳ್ಳೆಯ ಸಾಧನಗಳಿರುತ್ತವೆ, ಅವರಿಗೆ ಬಿಡೋಣ ಎಂಬ ವಿನಯ ಆ ನಿಯಮದಲ್ಲಿದೆ. ಅದನ್ನು ನಾನೂ ಗೌರವಿಸುತ್ತೇನೆ. ಆದರೆ ನೆಲ ತಾನಾಗಿ ಕಾಯುತ್ತದೆ ಎಂಬ ನಂಬಿಕೆಯ ಮೇಲೆ ಆ ನಿಯಮ ನಿಂತಿದೆ. ನುನಲ್ಲೆಕ್‌ನಲ್ಲಿ ಕುಸಿದದ್ದು ಆ ನಂಬಿಕೆಯೇ.

ತಡೆಗೋಡೆ ಕಟ್ಟಬಹುದಿತ್ತೇ? ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದ ಸ್ಕಾರಾ ಬ್ರೇ ಇದಕ್ಕೆ ಹೆಸರಾದ ಉದಾಹರಣೆ. 1850ರ ಬಿರುಗಾಳಿಯೊಂದು ಮರಳು ಸರಿಸಿ ಹೊರಗೆಡವಿದ ಆ ಶಿಲಾಯುಗದ ಊರಿಗೆ 1920ರ ದಶಕದಲ್ಲಿ ಕಲ್ಲಿನ ಗೋಡೆ ಎಬ್ಬಿಸಿದರು. ಅಂದಿನಿಂದ ಇಂದಿನವರೆಗೂ ಗೋಡೆಯನ್ನು ನೋಡಿಕೊಳ್ಳುತ್ತಲೇ ಇರಬೇಕಾಗಿದೆ. ಅದರ ಎರಡೂ ತುದಿಗಳಲ್ಲಿ ಸಮುದ್ರ ಒಳಗೆ ತಿನ್ನುತ್ತಿದೆ. ಹಾಗಿದ್ದೂ ಅಲ್ಲಿನ ಮನೆಗಳು ಕಲ್ಲಿನವು, ರಸ್ತೆಯಿದೆ, ಪ್ರವಾಸಿಗರಿದ್ದಾರೆ, ಸರ್ಕಾರದ ಇಲಾಖೆ ಬೆನ್ನಿಗಿದೆ. ಕ್ವಿನ್ಹಗಾಕ್ ಇರುವುದು ನದಿ ತಂದ ಹೂಳಿನ ತಗ್ಗುನೆಲದಲ್ಲಿ. ಗೋಡೆಗೆ ಬೇಕಾದ ಬಂಡೆಯನ್ನು ಬಾರ್ಜಿನಲ್ಲೇ ತರಬೇಕು. ತಂದು ನಿಲ್ಲಿಸಿದರೂ ಗೋಡೆ ಅಲೆಯನ್ನು ತಡೆದೀತು, ನೆಲದೊಳಗಿನ ಕರಗುವಿಕೆಯನ್ನಲ್ಲ.

ಎತ್ತಿ ಹಿಂದಕ್ಕೆ ಇಡುವುದು ಇನ್ನೊಂದು ದಾರಿ. ಕೆನಡಾದ ಯೂಕಾನ್ ಕರಾವಳಿಯ ಹರ್ಷಲ್ ದ್ವೀಪದಲ್ಲಿ 1890ರ ದಶಕದ ತಿಮಿಂಗಿಲ ಬೇಟೆಗಾರರ ಮರದ ಕಟ್ಟಡಗಳಿವೆ. ಅವುಗಳಲ್ಲಿ ಕೆಲವನ್ನು ನೀರಿನಿಂದ ದೂರ ಸರಿಸಿದರು. ಅದೇ ದ್ವೀಪದ ಒಂದು ಕಡೆ 2017ರ ಒಂದೇ ಬೇಸಿಗೆಯಲ್ಲಿ ದಂಡೆ 14.5 ಮೀಟರ್ ಹಿಂದೆ ಸರಿಯಿತು, ಡ್ರೋನ್ ಹಾರಿಸಿ ಅಳೆದದ್ದು ಇದು. ಕಟ್ಟಡವಾದರೆ ಸರಿಸಬಹುದು. ಮಣ್ಣಿನೊಳಗೆ ಮಣ್ಣಾಗಿ ಹೂತ ಮನೆಯನ್ನು ಎತ್ತುವುದು ಹೇಗೆ?

ಹೀಗೆ ಉಳಿದದ್ದು ಎರಡೇ ದಾರಿ. ಅಗೆದು ತೆಗೆಯುವುದು, ಇಲ್ಲವೇ ಸಮುದ್ರಕ್ಕೆ ಬಿಡುವುದು.

ಅಗೆಯಬೇಕೇ ಎಂಬ ಮಾತುಕತೆ

ಈ ಪ್ರಕರಣದ ಮೊದಲ ತಿರುವು ಪುರಾತತ್ತ್ವಜ್ಞರದ್ದಲ್ಲ, ಊರಿನದ್ದು. ದಂಡೆಯ ವಸ್ತುಗಳನ್ನು ನೋಡಿ ಕಳವಳಗೊಂಡ ಹಳ್ಳಿಯ ಕಂಪನಿಯ ಮುಖ್ಯಸ್ಥರು ತಾವೇ ಪುರಾತತ್ತ್ವಜ್ಞರೊಬ್ಬರನ್ನು ಕರೆಸಿದರು. ಹಳ್ಳಿಯ ಕಂಪನಿ ಎಂದರೆ ಏನೆಂದು ಹೇಳಬೇಕು. 1971ರ ಕಾನೂನಿನ ಪ್ರಕಾರ ಅಲಾಸ್ಕಾದ ಮೂಲನಿವಾಸಿಗಳ ಭೂಮಿ ಹಳ್ಳಿಗೊಂದರಂತೆ ಕಟ್ಟಿದ ಕಂಪನಿಗಳ ಕೈಗೆ ಬಂತು, ಊರಿನವರೇ ಅದರ ಷೇರುದಾರರು. ಕ್ವಿನ್ಹಗಾಕ್‌ನ ಕಂಪನಿಯ ಹೆಸರು ಕನಿರ್ತೂಕ್. ನುನಲ್ಲೆಕ್ ಇರುವುದು ಆ ಕಂಪನಿಯ ನೆಲದಲ್ಲಿ.

ಕರೆಸಿದ್ದು ಸುಲಭ, ಒಪ್ಪಿಸುವುದು ಸುಲಭವಿರಲಿಲ್ಲ. ಪೂರ್ವಜರ ಜಾಗವನ್ನು ಕೆದಕಬಾರದು ಎಂಬುದು ಹಿರಿಯರಲ್ಲಿ ಅನೇಕರ ಗಟ್ಟಿ ನಂಬಿಕೆ. ಅಲ್ಲಿ ಸತ್ತವರು ಸುಖವಾಗಿ ಸತ್ತವರೂ ಅಲ್ಲ. ನಮ್ಮಲ್ಲೂ ಊರ ಹಿರಿಯರ ಸಮಾಧಿಯನ್ನೋ ಭೂತದ ಕಲ್ಲನ್ನೋ ಯಾರಾದರೂ ಮುಟ್ಟಲು ಹೊರಟರೆ ಊರು ಸುಮ್ಮನಿರುವುದಿಲ್ಲ. ಆ ಅಳುಕನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಇಂಥ ಕೆಲಸಕ್ಕೆ ಕೈ ಹಾಕಬಾರದು ಎಂದೇ ನನ್ನ ಅಭಿಪ್ರಾಯ. ಕ್ವಿನ್ಹಗಾಕ್‌ನಲ್ಲಿ ಅದನ್ನು ಯಾರೂ ತಳ್ಳಿಹಾಕಲಿಲ್ಲ. ಕೂತು ಮಾತಾಡಿದರು. ನಾವು ಮುಟ್ಟದಿದ್ದರೂ ಸಮುದ್ರ ಮುಟ್ಟುತ್ತಿದೆಯಲ್ಲ, ಅದು ತೆಗೆದುಕೊಂಡದ್ದು ಯಾರಿಗೂ ಸಿಗುವುದಿಲ್ಲವಲ್ಲ ಎಂಬುದು ಒಂದು ಕಡೆಯ ವಾದ. ಊರಿನ ಮಕ್ಕಳಿಗೆ ತಮ್ಮವರು ಹೇಗೆ ಬದುಕಿದ್ದರೆಂದು ತೋರಿಸಲು ಬೇರೆ ಏನೂ ಉಳಿದಿಲ್ಲ ಎಂಬುದು ಅದರ ಜೊತೆಗಿನ ಮಾತು. ಕೊನೆಗೆ ಹಿರಿಯರ ಒಪ್ಪಿಗೆ ಸಿಕ್ಕಿತು.

ಒಪ್ಪಿಗೆಯ ಬೆನ್ನಿಗೆ ಇನ್ನೆರಡು ತೀರ್ಮಾನಗಳು ಬಂದವು. ಸಿಕ್ಕಿದ್ದೆಲ್ಲ ಊರಿನದ್ದು, ಚಿಕಿತ್ಸೆಗಾಗಿ ಹೊರಗೆ ಹೋದರೂ ತಿರುಗಿ ಊರಿಗೇ ಬರಬೇಕು ಎಂಬುದು ಒಂದು. ಇದರ ಹಿಂದೆ ಹಳೆಯ ನೋವಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆ ಸೀಮೆಯ ಮುಖವಾಡ, ಬಟ್ಟಲು, ಬೇಟೆಯ ಸಾಮಾನುಗಳು ಸಾವಿರಗಟ್ಟಲೆ ವಾಷಿಂಗ್ಟನ್ನಿಗೂ ಬರ್ಲಿನ್ನಿಗೂ ಹೋದವು. 1997ರಲ್ಲಿ ಯೂಪಿಕ್ ಹಿರಿಯರ ತಂಡವೊಂದು ತಮ್ಮ ಅಜ್ಜಂದಿರ ವಸ್ತುಗಳನ್ನು ನೋಡಲು ಬರ್ಲಿನ್‌ವರೆಗೂ ಪ್ರಯಾಣ ಮಾಡಬೇಕಾಯಿತು. ಮತ್ತೆ ಹಾಗಾಗುವುದು ಬೇಡ ಎಂದು ಊರು ಮೊದಲೇ ಗೆರೆ ಎಳೆಯಿತು. ಎರಡನೆಯದು ಹಣದ್ದು. ಮೊದಲ ಅಗೆತಗಳ ಖರ್ಚನ್ನು ಹಳ್ಳಿಯ ಕಂಪನಿಯೇ ಹೊತ್ತಿತು. ಬ್ರಿಟನ್ನಿನ ಸಂಶೋಧನಾ ಅನುದಾನ ಆಮೇಲೆ ಬಂದದ್ದು. ತನ್ನ ನೆಲ, ತನ್ನ ದುಡ್ಡು ಎಂದಾಗ ಕೆಲಸಕ್ಕೆ ಬಂದ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ತಂಡ ಊರಿನ ಅತಿಥಿಯಾಯಿತು, ಯಜಮಾನನಾಗಲಿಲ್ಲ.

ಅಗೆತ

2009ರಲ್ಲಿ ಶುರುವಾದ ಉತ್ಖನನ ಬೇಸಿಗೆಯ ಕೆಲವೇ ವಾರ ನಡೆಯುತ್ತಿತ್ತು. ಮಣ್ಣು ಕರಗುವವರೆಗೆ ಕಾಯಬೇಕು, ಮಳೆಗಾಳಿ ಹೆಚ್ಚುವ ಮೊದಲು ಮುಗಿಸಬೇಕು. ಹೆಪ್ಪುನೆಲವನ್ನು ಗುದ್ದಲಿಯಿಂದ ಒಡೆದರೆ ಒಳಗಿನ ಬುಟ್ಟಿಯೂ ಒಡೆಯುತ್ತದೆ. ಬಿಸಿಲಿಗೆ ಒಂದು ಪದರ ತಾನಾಗಿ ಕರಗಲಿ ಎಂದು ಬಿಟ್ಟು, ಕರಗಿದಷ್ಟನ್ನು ಸಣ್ಣ ಕರಣೆಯಲ್ಲಿ ಕೆರೆದು, ಮತ್ತೆ ಕಾಯಬೇಕು.

ಹೀಗೆ ಕೆರೆಯುವಾಗ ಸಿಕ್ಕ ಒಂದು ವಸ್ತುವಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಯೂಪಿಕ್ ಹೆಂಗಸರು ಬಳಸುವ ಉಲುವಾಕ್ ಎಂಬ ಕತ್ತಿ, ಅರ್ಧಚಂದ್ರದಂಥ ಸ್ಲೇಟ್ ಕಲ್ಲಿನ ಅಲಗು, ಮೇಲೆ ಅಂಗೈಗೆ ಕೂರುವ ಮರದ ಹಿಡಿ. ಮೀನು ಸೀಳುವುದರಿಂದ ತೊಗಲು ಕೊಯ್ಯುವವರೆಗೆ ಎಲ್ಲದಕ್ಕೂ ಅದೇ. ಇಂದಿಗೂ ಆ ಊರಿನ ಅಡುಗೆಮನೆಗಳಲ್ಲಿ ಉಕ್ಕಿನ ಅಲಗಿನ ಉಲುವಾಕ್ ಇದೆ. ನೆಲದಿಂದ ಬಂದ ಒಂದು ಉಲುವಾಕ್‌ನ ಹಿಡಿಯನ್ನು ಹೀಗೆ ಹಿಡಿದರೆ ಸೀಲ್, ಹಾಗೆ ತಿರುಗಿಸಿದರೆ ತಿಮಿಂಗಿಲ. ದಿನವೂ ಮೀನು ಕೊಯ್ಯುವ ಕತ್ತಿಗೆ ಇಷ್ಟು ಮನಸ್ಸಿಟ್ಟು ಕೆತ್ತಿದ ಆ ಕೈಯನ್ನು ನೆನೆಯುತ್ತೇನೆ. ಹೊಗೆ ಹಿಡಿದ ಕೋಣೆಯಲ್ಲಿ ಸೀಲ್ ಎಣ್ಣೆಯ ದೀಪದ ಮುಂದೆ ಕೂತು ಮಾಡಿದ್ದಿರಬೇಕು.

ಸುಟ್ಟ ಹೆಂಟೆಯೊಳಗೆ ಬಾಣದ ಮೊನೆಗಳು ಸಿಕ್ಕವು. ಬೆಂಕಿಗೆ ಸಿಕ್ಕು ಸತ್ತವರ ಗುರುತೂ ಸಿಕ್ಕಿತು. ತಲೆಮಾರುಗಳಿಂದ ಹೇಳುತ್ತ ಬಂದ ಯುದ್ಧದ ಕಥೆ ಬರೀ ಕಥೆಯಲ್ಲ ಎಂದು ನೆಲವೇ ಹೇಳಿದಂತಾಯಿತು. ಹಿರಿಯರ ಮಾತನ್ನು ಸಾಕ್ಷ್ಯವೆಂದು ಹಿಡಿದು ಅಗೆದದ್ದು ಇಲ್ಲಿ ಫಲ ಕೊಟ್ಟಿತು.

ಕತ್ತರಿಸಿ ಬಿಟ್ಟ ಕೂದಲ ಎಳೆಗಳ ವಿಷಯವೂ ಹೇಳತಕ್ಕದ್ದು. ಆ ಜನ ಏನು ತಿನ್ನುತ್ತಿದ್ದರು ಎಂದು ತಿಳಿಯಲು ಸಾಮಾನ್ಯವಾಗಿ ಎಲುಬನ್ನು ಪರೀಕ್ಷೆಗೆ ಕೊಡುತ್ತಾರೆ. ಇಲ್ಲಿ ಮನೆಯ ನೆಲದ ಮೇಲೆ ಬಿದ್ದಿದ್ದ ಕೂದಲಿನಿಂದಲೇ ಅದು ತಿಳಿಯಿತು: ಸಾಲ್ಮನ್, ಸಮುದ್ರದ ಪ್ರಾಣಿಗಳ ಮಾಂಸ, ಕ್ಯಾರಿಬೂ ಜಿಂಕೆ. ಸತ್ತವರನ್ನು ಮುಟ್ಟದೆ ಬದುಕಿದ್ದವರ ಬಗ್ಗೆ ತಿಳಿದ ಈ ರೀತಿ, ಹಿರಿಯರ ನಂಬಿಕೆಗೂ ವಿಜ್ಞಾನಕ್ಕೂ ಒಟ್ಟಿಗೆ ಹೊಂದಿತು.

ಪ್ರತಿ ಹಂಗಾಮಿನ ಕೊನೆಗೆ ಸಿಕ್ಕ ವಸ್ತುಗಳನ್ನು ಊರಿನ ಮುಂದೆ ಮೇಜುಗಳ ಮೇಲೆ ಹರವುತ್ತಿದ್ದರು. ಮಕ್ಕಳು ಬಂದು ನೋಡುತ್ತಿದ್ದರು, ಹಿರಿಯರು ಕೈಗೆತ್ತಿಕೊಂಡು ಹೆಸರು ಹೇಳುತ್ತಿದ್ದರು. ಪುರಾತತ್ತ್ವಜ್ಞರು ಏನೆಂದು ತಿಳಿಯದೆ ಚೀಟಿ ಬರೆದಿಟ್ಟ ಮರದ ತುಂಡು ಇಂಥ ಬಲೆಯದ್ದು, ಇಂಥ ದೋಣಿಯದ್ದು ಎಂದು ಅಲ್ಲಿ ಗೊತ್ತಾಗುತ್ತಿತ್ತು. ಹಳೆಯ ಪದಗಳು ಬಾಯಿಗೆ ಮರಳುತ್ತಿದ್ದವು. ಊರಿನ ಕೆತ್ತನೆಗಾರರು ನೋಡಿ ಅಂಥದ್ದೇ ಮಾಡತೊಡಗಿದರು.

ಕುಣಿತದ್ದು ಯಾರೂ ಯೋಜನೆಯಲ್ಲಿ ಬರೆಯದ ಫಲ. ಮೊರೇವಿಯನ್ ಮಿಷನರಿಗಳು ಬಂದ ಮೇಲೆ ಕ್ವಿನ್ಹಗಾಕ್‌ನಲ್ಲಿ ಸಾಂಪ್ರದಾಯಿಕ ಕುಣಿತ ನಿಂತುಹೋಗಿತ್ತು. ನೆಲದಿಂದ ಮುಖವಾಡಗಳೂ ತಮಟೆಯ ಬಳೆಗಳೂ ಎದ್ದು ಬಂದ ಮೇಲಿನ ವರ್ಷಗಳಲ್ಲಿ ಊರಿನ ಎಳೆಯರು ತಂಡ ಕಟ್ಟಿ ಮತ್ತೆ ಕುಣಿದರು. ಒಂದು ನೆಲೆಯನ್ನು ಉಳಿಸಿದೆವು ಎನ್ನುವಾಗ ನಾವು ಏನನ್ನು ಎಣಿಸುತ್ತೇವೆ? ಪೆಟ್ಟಿಗೆಗಳನ್ನು ಎಣಿಸುತ್ತೇವೆ. ಇದನ್ನೂ ಎಣಿಸಬೇಕು.

ತೆಗೆದ ಮೇಲಿನ ಕೆಲಸ

ನೀರು ಕುಡಿದ ಹಳೆಯ ಮರ ನೋಡಲು ಹೊಸದರಂತೆ ಕಾಣುತ್ತದೆ. ಅದರ ಒಳಗಿನ ಜೀವಕೋಶಗಳು ಟೊಳ್ಳಾಗಿ, ಆಕಾರ ಹಿಡಿದಿರುವುದು ಬರೀ ನೀರು. ಹೊರಗಿಟ್ಟರೆ ಕಣ್ಣೆದುರೇ ಒಣಗಿ, ಸೊಟ್ಟಗಾಗಿ, ಬಿರಿಯುತ್ತದೆ. ಹಾಗಾಗಿ ತೆಗೆದ ಕ್ಷಣದಿಂದ ಒದ್ದೆಯಲ್ಲೇ ಇಡಬೇಕು. ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ದ್ರಾವಣದಲ್ಲಿ ತಿಂಗಳುಗಟ್ಟಲೆ ಮುಳುಗಿಸಿ ನೀರಿದ್ದ ಜಾಗಕ್ಕೆ ಅದನ್ನು ತುಂಬಿಸಬೇಕು, ಕೊನೆಗೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಬೇಕು. ಒಂದು ಬೇಸಿಗೆಯ ಅಗೆತ ಪ್ರಯೋಗಾಲಯದಲ್ಲಿ ವರ್ಷಗಳ ಕೆಲಸವಾಗುತ್ತದೆ. ಅಪಾಯದ ನೆಲೆಗಳಲ್ಲಿ ತುರ್ತಾಗಿ ಅಗೆಯಲು ಹೊರಡುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಅಗೆಯಲು ಹಣ ಸಿಗುತ್ತದೆ, ಅದು ಸುದ್ದಿಯಾಗುತ್ತದೆ. ತೊಟ್ಟಿಯಲ್ಲಿ ಮುಳುಗಿಸಿ ಕಾಯುವುದಕ್ಕೆ ಹಣ ಕೇಳುವುದು ಕಷ್ಟ. ಚಿಕಿತ್ಸೆಗೆ ವ್ಯವಸ್ಥೆಯಿಲ್ಲದೆ ಅಗೆದರೆ ಸಮುದ್ರ ಮಾಡುವ ಕೆಲಸವನ್ನೇ ನಾವೂ ಮಾಡಿದಂತೆ.

ನುನಲ್ಲೆಕ್‌ನ ವಸ್ತುಗಳು ಚಿಕಿತ್ಸೆಗೆ ಅಬರ್ಡೀನ್‌ವರೆಗೆ ಹೋದವು. ಇದು ಊರಿಗೆ ಆತಂಕದ ಘಟ್ಟವೇ, ಹೋದದ್ದು ಬಾರದಿದ್ದ ಚರಿತ್ರೆ ಅವರದ್ದು. ಕೊಟ್ಟ ಮಾತು ಈ ಬಾರಿ ಉಳಿಯಿತು. ಕ್ವಿನ್ಹಗಾಕ್‌ನ ಹಳೆಯ ಶಾಲೆಯ ಕಟ್ಟಡವೊಂದನ್ನು ದುರಸ್ತಿ ಮಾಡಿ, ಒಳಗೆ ಪ್ರಯೋಗಾಲಯ, ವಸ್ತುಗಳನ್ನಿಡುವ ಡ್ರಾಯರುಗಳು, ನೋಡುವ ಕೋಣೆ ಮಾಡಿಕೊಂಡರು. 2018ರ ಆಗಸ್ಟ್‌ನಲ್ಲಿ ನುನಲ್ಲೆಕ್ ಸಂಸ್ಕೃತಿ ಮತ್ತು ಪುರಾತತ್ತ್ವ ಕೇಂದ್ರ ತೆರೆಯಿತು. ಇಂದು ಅಲ್ಲಿರುವ ಸಂಗ್ರಹ ಒಂದು ಲಕ್ಷದ ಆಸುಪಾಸು; ಹೊರಗಿನವರ ಸಂಪರ್ಕಕ್ಕೆ ಮುಂಚಿನ ಯೂಪಿಕ್ ವಸ್ತುಗಳ ಇಷ್ಟು ದೊಡ್ಡ ಸಂಗ್ರಹ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮಗುವೊಂದು ಶಾಲೆ ಬಿಟ್ಟು ನಡೆದು ಹೋಗಿ ಡ್ರಾಯರು ಎಳೆದು ನೋಡಬಹುದಾದ ದೂರದಲ್ಲಿ ಅದು ಇದೆ.

ಆಗದೆ ಹೋದದ್ದು

ಯಶಸ್ಸಿನ ಕಥೆಯಾಗಿ ಇದನ್ನು ಹೇಳುವವರು ಬಿಟ್ಟುಬಿಡುವ ಸಂಗತಿಗಳಿವೆ. 2009 ಮತ್ತು 2010ರಲ್ಲಿ ಅಗೆದ ಜಾಗ ಈಗ ಇಲ್ಲ, ಸಮುದ್ರ ಅದನ್ನು ಪೂರ್ತಿ ತೆಗೆದುಕೊಂಡಿತು. ಆ ಎರಡು ಬೇಸಿಗೆ ತಡಮಾಡಿದ್ದರೆ ಅಲ್ಲಿಂದ ಬಂದ ಒಂದು ವಸ್ತುವೂ ನಮ್ಮ ಬಳಿ ಇರುತ್ತಿರಲಿಲ್ಲ. ಪ್ರತಿ ವರ್ಷವೂ ಅಗೆಯಲು ಆಗಲಿಲ್ಲ, ಅನುದಾನ ಬಂದಾಗ ಕೆಲಸ, ಇಲ್ಲದಾಗ ಇಲ್ಲ. ಕೊರೆತ ಅನುದಾನದ ವೇಳಾಪಟ್ಟಿ ನೋಡಿ ನಡೆಯುವುದಿಲ್ಲ. ನೆಲೆಯ ಒಂದು ಭಾಗ ಅಗೆಯದೆ ಉಳಿಯಿತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ನುನಲ್ಲೆಕ್‌ಗೆ ಕಾಳಜಿಯ ಮುಖ್ಯಸ್ಥರಿದ್ದರು, ಸ್ವಂತ ನೆಲವಿತ್ತು, ಕರೆದಾಗ ಬಂದ ವಿಶ್ವವಿದ್ಯಾಲಯವಿತ್ತು. ಆ ಕರಾವಳಿಯುದ್ದಕ್ಕೂ ಹೀಗೆಯೇ ಹೂತ ಹಳೆಯೂರುಗಳು ಇವೆ. ಇವುಗಳಲ್ಲಿ ಯಾವುದನ್ನು ಅಗೆಯುವುದು, ಯಾವುದನ್ನು ಬರೀ ದಾಖಲಿಸಿ ಬಿಡುವುದು, ಯಾವುದನ್ನು ನೋಡಲೂ ಹೋಗದೆ ಕಳೆದುಕೊಳ್ಳುವುದು ಎಂದು ಆಯುವ ಹೊತ್ತು ಬಂದಿದೆ. ನುನಲ್ಲೆಕ್‌ನಿಂದ ಅದಕ್ಕೆ ಕೆಲವು ಅಳತೆಗೋಲು ಸಿಗುತ್ತವೆ. ದಂಡೆಯ ಅಂಚಿನ ಜೊತೆಗೆ ನೆಲದ ಉಷ್ಣತೆಯನ್ನೂ ವರ್ಷವರ್ಷವೂ ಅಳೆದಿಡಬೇಕು. ಕರಗುವ ಪದರ ಹಳೆಯ ಬದುಕಿನ ಕುರುಹುಗಳಿರುವ ಪದರವನ್ನು ಮುಟ್ಟಿತು ಎಂದಾದರೆ ಇದ್ದಲ್ಲೇ ಇರಲಿ ಎಂಬ ನಿಯಮವನ್ನು ಅಲ್ಲಿಗೆ ಕೈಬಿಡಬೇಕು, ಅಲೆ ಬರುವವರೆಗೆ ಕಾಯಬಾರದು. ಒಡೆತನದ ಪ್ರಶ್ನೆಯನ್ನು ಮೊದಲ ಸಲಿಕೆಗೆ ಮುಂಚೆಯೇ ಬಗೆಹರಿಸಿಕೊಳ್ಳಬೇಕು. ಊರು ಬೇಡವೆಂದರೆ, ಬೇಡ. ಸಮುದ್ರಕ್ಕೆ ಬಿಡುವುದೂ ಆ ಜನರ ಹಕ್ಕಿನ ತೀರ್ಮಾನವೇ, ಹೊರಗಿನ ನಮಗೆ ಅದೆಷ್ಟೇ ಸಂಕಟವಾದರೂ.

2025ರ ಅಕ್ಟೋಬರ್

2022ರ ಸೆಪ್ಟೆಂಬರ್‌ನಲ್ಲಿ ಮೆರ್ಬಾಕ್ ಚಂಡಮಾರುತದ ಉಳಿಕೆ ಅಲಾಸ್ಕಾದ ಪಶ್ಚಿಮ ಕರಾವಳಿಯನ್ನು ಬಡಿದಿತ್ತು. 2025ರ ಅಕ್ಟೋಬರ್ ನಡುವಿನಲ್ಲಿ ಬಂದ ಹಾಲಾಂಗ್ ಚಂಡಮಾರುತದ ಉಳಿಕೆ ಕಸ್ಕೊಕ್ವಿಮ್ ಸೀಮೆಗೆ ಅದಕ್ಕಿಂತ ಕಠೋರವಾಗಿತ್ತು. ಕಿಪ್ನುಕ್, ಕ್ವಿಗಿಲ್ಲಿಂಗಾಕ್ ಹಳ್ಳಿಗಳಲ್ಲಿ ಮನೆಗಳೇ ನೀರಿನಲ್ಲಿ ತೇಲಿಹೋದವು. ಸಾವಿರಕ್ಕೂ ಹೆಚ್ಚು ಜನರನ್ನು ವಿಮಾನ, ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಹಳೆಯ ಮರದ ತುಂಡುಗಳ ಮಾತಾಡಲು ಯಾರಿಗಾದರೂ ಬಾಯಿ ಕಟ್ಟುತ್ತದೆ.

ಕ್ವಿನ್ಹಗಾಕ್‌ನ ಮನೆಗಳು ಉಳಿದವು. ನುನಲ್ಲೆಕ್‌ನಲ್ಲಿ ಒಂದೇ ಬಿರುಗಾಳಿಗೆ ದಂಡೆ ಸುಮಾರು 60 ಅಡಿ ಹೋಯಿತು. ಅಗೆಯದೆ ಉಳಿದಿದ್ದ ಮಣ್ಣು ಬಿರಿದು ಒಳಗಿದ್ದ ಸಾವಿರಾರು ವಸ್ತುಗಳು ಮೈಲುಗಟ್ಟಲೆ ಮರಳಿನ ಮೇಲೆ ಚೆಲ್ಲಾಡಿದವು. ಯಾವ ಕೋಣೆಯದ್ದು, ಯಾವ ಪದರದ್ದು, ಯಾವ ಮೂಲೆಯಲ್ಲಿ ಯಾವುದರ ಪಕ್ಕದಲ್ಲಿತ್ತು ಎಂಬ ತಿಳಿವು ಆ ರಾತ್ರಿಯೇ ಹೋಯಿತು. ಇನ್ನು ಅದು ಸಿಗುವುದಿಲ್ಲ.

ಬೆಳಗಾದ ಮೇಲೆ ಊರಿನವರು ದಂಡೆಗೆ ಹೋದರು. 2007ರಲ್ಲಿ ದಂಡೆಯಲ್ಲಿ ಗೊಂಬೆ ಕಂಡಾಗ ಅದನ್ನು ಏನು ಮಾಡಬೇಕೆಂದು ಕೇಳಲು ದೂರದಿಂದ ಒಬ್ಬರನ್ನು ಕರೆಸಬೇಕಾಗಿತ್ತು. ಈ ಬಾರಿ ಊರಿಗೇ ಗೊತ್ತಿತ್ತು. ಮರಳಿನಿಂದ ಮುಖವಾಡದ ಚೂರು, ಬಟ್ಟಲಿನ ತಳ, ಕೆತ್ತಿದ ಹಿಡಿ ಹೆಕ್ಕಿದರು, ಒಣಗಲು ಬಿಡಲಿಲ್ಲ, ಕೇಂದ್ರಕ್ಕೆ ತಂದರು. ಸಾವಿರದ ಆಸುಪಾಸು ವಸ್ತುಗಳು ಹೀಗೆ ಬಂದವು. ಸಮುದ್ರದ ಉಪ್ಪು ಬಿಡಲೆಂದು ಅವನ್ನು ಸಿಹಿನೀರಿನ ತೊಟ್ಟಿಗಳಲ್ಲಿ ಮುಳುಗಿಸಿಟ್ಟರು. ಚಳಿಗಾಲ ಹತ್ತಿರವಿತ್ತು, ದಂಡೆ ಹೆಪ್ಪುಗಟ್ಟುವುದರೊಳಗೆ ಹುಡುಕಬೇಕಾದ ಮರಳು ಇನ್ನೂ ಬಹಳ ಇತ್ತು.